ಊರಿಗೆಲ್ಲ ಒಂದೇ ಕುತ್ತಿಗೆ

ನಮ್ಮ ಕಾಲೇಜಿನ ಸ್ಟಾಫ್ ರೂಮಿಗೆ ಮೈಸೂರುಪಾಕಿನ ಡಬ್ಬಿ ಬಂತೆಂದರೆ ಯಾರೋ ಮಗುವಿಗೆ ನಾಮಕರಣ ಮಾಡಿರುತ್ತಾರೆ, ಇಲ್ಲವೇ ಸ್ಕೂಟರ್ ಕೊಂಡಿರುತ್ತಾರೆ. ನಾನು ಕಾರಣ ಕೇಳುವ ಮೊದಲೇ ಬಾಯಿಗೆ ಹಾಕಿಕೊಳ್ಳುವವಳು. ಮೊನ್ನೆಯೂ ಕೈ ಚಾಚಿದ್ದೆ. ಪಕ್ಕದ ಮೇಜಿನ ಸುಧಾ ಮೇಡಂ ಗೌನಿಪಲ್ಲಿ ಕಡೆಯವರು, ಒಳ್ಳೆಯ ಹೆಂಗಸು. ತುಪ್ಪದ ಘಮದ ಜೊತೆಗೇ ಅವರ ಮಾತೂ ಬಂತು. "ತಗೊಳ್ಳಿ ಮೇಡಂ, ಈ ಸಲ ಪಂಚಾಯ್ತಿಗೆ ನಮ್ಮಣ್ಣ ಏಕಗ್ರೀವ." ತುಂಡು ಕೈಯಲ್ಲೇ ಉಳಿಯಿತು.

ನೀವು ಕೋಲಾರದ ಕಡೆಯವರಾದರೆ ಈ ಪದ ಗೊತ್ತಿರುತ್ತದೆ. ಅಲ್ಲವಾದರೆ ಹೇಳುತ್ತೇನೆ. ಕನ್ನಡದಲ್ಲಿ ಅವಿರೋಧ ಆಯ್ಕೆ ಎನ್ನುವುದು ತೆಲುಗಿನಲ್ಲಿ ಏಕಗ್ರೀವ. ಶ್ರೀನಿವಾಸಪುರ ದಾಟಿ ಗಡಿಯತ್ತ ಹೋದರೆ ಮನೆಯೊಳಗೆ ತೆಲುಗು, ಬಸ್ಸಿನಲ್ಲಿ ಕನ್ನಡ, ಜಗಳಕ್ಕೆ ಎರಡೂ. ನಾನು ಹುಟ್ಟಿದ್ದು ಅಂಥದೇ ಊರಿನಲ್ಲಿ. ಅಲ್ಲಿ ಪಂಚಾಯ್ತಿ ಚುನಾವಣೆ ಎಂದರೆ ಕಟ್ಟೆಯ ಮೇಲೆ ಊರ ಯಜಮಾನರು ಕೂತು ಒಂದು ಹೆಸರು ಹೇಳುವುದು. ದಲಿತರಾದ ನಾವು, ಕಾಲೋನಿಯವರು, ಕೆಳಗೆ ನಿಲ್ಲುತ್ತಿದ್ದೆವು. "ಯಾರಿಗಾದ್ರೂ ವಿರೋಧ ಐತೇನ್ರಪ್ಪಾ?" ಎಂದು ಕೇಳುತ್ತಿದ್ದರು. ನಮ್ಮ ತೆಲುಗು ಕಿವಿಗೆ ವಿರೋಧ ಎಂದರೆ ಹಗೆತನ. ನಿನಗೆ ನನ್ನ ಮೇಲೆ ಹಗೆ ಇದೆಯೇ ಎಂದು ಯಜಮಾನರೇ ಕೇಳಿದರೆ, ಅವರ ತೋಟದಲ್ಲಿ ಮಾವು ಕೀಳುವವನು ಏನು ಹೇಳಿಯಾನು? ಎಲ್ಲರೂ ನೆಲ ನೋಡುತ್ತಿದ್ದರು. ಅಲ್ಲಿಗೆ ಚುನಾವಣೆ ಮುಗಿಯಿತು.

ವಿಧಾನಸಭೆಗೆ ನಮ್ಮವರು ಓಟು ಹಾಕುತ್ತಿದ್ದರು, ಲೋಕಸಭೆಗೂ ಹಾಕುತ್ತಿದ್ದರು. ನಮ್ಮ ಬೀದಿಗೆ ನಲ್ಲಿ ಹಾಕಿಸುವವರು ಯಾರಾಗಬೇಕು ಎಂಬ ಓಟು ಮಾತ್ರ ಇರಲಿಲ್ಲ. ಮೊಮ್ಮಕ್ಕಳನ್ನು ಕಂಡ ಮುದುಕಿಯರೂ ಪಂಚಾಯ್ತಿಗೆ ಒಮ್ಮೆಯೂ ಓಟು ಹಾಕಿರಲಿಲ್ಲ. ಸೀಟು ನಮ್ಮ ಜಾತಿಗೆ ಮೀಸಲಾದಾಗಲೂ ಹೆಸರು ಬರುತ್ತಿದ್ದದ್ದು ಕಟ್ಟೆಯ ಮೇಲಿಂದಲೇ.

ನನ್ನ ತಂದೆಯ ಅಕ್ಕ, ಅಂಜಿನಮ್ಮತ್ತೆ, ಎರಡು ಹಸು ಸಾಕಿಕೊಂಡು ನಮ್ಮ ಪಕ್ಕದ ಮನೆಯಲ್ಲಿದ್ದಳು. ಗಂಡ ತೀರಿಕೊಂಡಿದ್ದ. ಮಾವಿನ ಕಾಲದಲ್ಲಿ ಶ್ರೀನಿವಾಸಪುರದ ಮಂಡಿಗೆ ಹಣ್ಣು ಆರಿಸಲು ಹೋಗುತ್ತಿದ್ದಳು. ಹೆಸರಲ್ಲೇ ಅಂಜಿಕೆ ಇಟ್ಟುಕೊಂಡವಳು ಎಂದು ನಾವು ಹುಡುಗಿಯರು ಅವಳನ್ನು ಆಡಿಕೊಂಡರೆ, "ಆಂಜನೇಯನ ಹೆಸರು ಕಣ್ರೇ ಅದು, ಬಾಲಕ್ಕೆ ಬೆಂಕಿ ಇಟ್ಕೊಂಡ್ರೆ ಗೊತ್ತಾಗ್ತೈತೆ" ಎನ್ನುತ್ತಿದ್ದಳು. ನಾನು ಆಗ ಕೋಲಾರದಲ್ಲಿ ಡಿಗ್ರಿ ಓದುತ್ತಿದ್ದೆ. ಐಚ್ಛಿಕ ಕನ್ನಡ. ಕಂಡ ಕಂಡ ಪದವನ್ನೆಲ್ಲ ಬಿಡಿಸಿ ಅರ್ಥ ಹೇಳುವ ಚಟ ಹತ್ತಿತ್ತು, ಮನೆಯವರಿಗೆ ನನ್ನ ಪಕ್ಕ ಕೂತು ಊಟ ಮಾಡುವುದೇ ಕಷ್ಟವಾಗಿತ್ತು.

ಆ ಸಲ ಸೀಟು ನಮ್ಮ ಜಾತಿಯ ಹೆಂಗಸಿಗೆ ಮೀಸಲಾಗಿತ್ತು. ಯಜಮಾನರು ತಮ್ಮ ಟ್ರಾಕ್ಟರ್ ಓಡಿಸುವವನ ಹೆಂಡತಿ ಮುನಿರತ್ನಳ ಹೆಸರು ಹೇಳಿದರು. ಅವಳೂ ನಮ್ಮ ಬೀದಿಯವಳೇ, ಪಾಪದವಳು. ಮನೆಗೆ ಬಂದ ಅತ್ತೆ ರಾಗಿ ಹಿಟ್ಟು ತೊಳಸುತ್ತಾ ಕೇಳಿದಳು: "ಅಮ್ಮಾಯಿ, ಏಕಗ್ರೀವ ಅಂದ್ರೆ ಏನೇ?"

ನನಗೆ ಅಷ್ಟೇ ಸಾಕಾಗಿತ್ತು. "ಏಕ ಅಂದ್ರೆ ಒಂದು. ಗ್ರೀವ ಅಂದ್ರೆ ಕುತ್ತಿಗೆ."

ಅತ್ತೆಯ ಕೈ ನಿಂತಿತು. "ಒಂದು ಕುತ್ತಿಗೇನಾ? ಊರಿಗೆಲ್ಲ?"

"ಎಲ್ಲರೂ ಒಂದೇ ದನಿಯಲ್ಲಿ ಒಪ್ಪಿದ್ದಾರೆ ಅಂತ ಅರ್ಥ ಅತ್ತೆ."

"ಆ ಕುತ್ತಿಗೆ ಯಜಮಾನ್ರದ್ದು ತಾನೆ? ಮತ್ತೆ ನಮ್ದೆಲ್ಲೋಯ್ತು?"

ನಾನು ನಕ್ಕೆ, ಅವಳು ನಗಲಿಲ್ಲ. ಎರಡು ದಿನ ಅದನ್ನೇ ಗೊಣಗಿದಳು. ಮೂರನೆಯ ದಿನ ನನ್ನನ್ನು ಕರೆದುಕೊಂಡು ಪಂಚಾಯ್ತಿ ಆಫೀಸಿಗೆ ಹೋಗಿ ನಾಮಪತ್ರ ಹಾಕಿ ಬಂದಳು. ನಾಮಪತ್ರ ವಾಪಸ್ ಪಡೆಯಲು ನಾಲ್ಕಾರು ದಿನ ಸಮಯವಿತ್ತು. ಅವಳು ವಾಪಸ್ ತೆಗೆದುಕೊಂಡರೆ ಏಕಗ್ರೀವ, ಇಲ್ಲವಾದರೆ ಊರಲ್ಲಿ ಓಟು. ಆ ದಿನಗಳನ್ನು ನೆನೆದರೆ ನನಗೆ ಈಗಲೂ ಭಯವಾಗುತ್ತದೆ.

ಯಾರೂ ಬೈಯಲಿಲ್ಲ, ಹೊಡೆಯಲಿಲ್ಲ. ಮಾರನೆಯ ಬೆಳಿಗ್ಗೆ ಡೈರಿಯವನು ಅತ್ತೆಯ ಹಾಲಿಗೆ ಲ್ಯಾಕ್ಟೋಮೀಟರ್ ಅದ್ದಿ, "ನೀರೈತೆ, ತಗೊಂಡೋಗು" ಎಂದ, ಅಷ್ಟೇ. ಅದರ ಮರುದಿನ ಕಾಲೋನಿಯ ಎಲ್ಲ ಮನೆಯ ಹಾಲಿನಲ್ಲೂ ನೀರು ಸಿಕ್ಕಿತು. ತೋಟದ ಕೆಲಸಕ್ಕೆ ಹೆಂಗಸರನ್ನು ಒಯ್ಯುತ್ತಿದ್ದ ಟೆಂಪೋ ನಮ್ಮ ಬೀದಿಯ ತಿರುವಿನಲ್ಲಿ ನಿಲ್ಲದೆ ಹೋಯಿತು. ಸಂಜೆ ನಮ್ಮವರೇ ಅತ್ತೆಯ ಬಾಗಿಲಿಗೆ ಬಂದರು. ಅಪ್ಪನೂ ಅವರ ನಡುವೆ ನಿಂತಿದ್ದ.

"ವಾಪಸ್ ತಗೊಳ್ಳಕ್ಕಾ. ಎಲ್ಲರ ಮನೆ ಹಾಲೂ ಮೋರಿಗೆ ಹೋಗ್ತೈತೆ. ಗೆದ್ರೂ ನೀನೇನ್ ಮಾಡ್ತೀಯ?"

"ಗೆಲ್ಲೋ ಮಾತು ಯಾರಾಡಿದ್ರು?" ಎಂದಳು ಅತ್ತೆ. "ಕೇಳ್ಲಿ ಅಂತ. ಒಂದು ಸಲ ನಮ್ಮನ್ನೂ ಕೇಳ್ಲಿ."

ಯಾರಿಗೂ ಸಮಾಧಾನವಾಗಲಿಲ್ಲ. ಮುನಿರತ್ನಳ ಗಂಡ ದೂರದಲ್ಲಿ ನಿಂತು ಅಳುತ್ತಿದ್ದ, ಅವನ ಕೆಲಸವೂ ಇದರಲ್ಲೇ ಸಿಕ್ಕಿಕೊಂಡಿತ್ತು.

ಕೊನೆಯ ದಿನ ಮಧ್ಯಾಹ್ನ ಯಜಮಾನರ ಕಾರು ಕಾಲೋನಿಯೊಳಗೇ ಬಂತು. ಹಿಂದೆಂದೂ ಬಂದದ್ದಿಲ್ಲ. ಅವರೇ ಇಳಿದು, ಬಹಳ ಮೆತ್ತಗೆ, "ಬಾಮ್ಮಾ ಅಂಜಿನಿ, ಹೋಗಿ ಒಂದು ಸೈನ್ ಹಾಕ್ಬಿಟ್ಟು ಬರೋಣ" ಎಂದರು. ಅತ್ತೆ ಒಳಗೆ ಹೋಗಿ ಸೀರೆ ಬದಲಿಸಿ ಬಂದು ಕಾರು ಹತ್ತಿದಳು. ಮುಗಿಯಿತು ಅಂದುಕೊಂಡೆ. ಅಪ್ಪನ ಮೊಪೆಡ್ ಹಿಂದೆ ಕೂತು ಕಾರಿನ ಧೂಳು ಕುಡಿಯುತ್ತಾ ಹೋದೆ.

ಆಫೀಸಿನ ಬಾಗಿಲಲ್ಲಿ ಊರಿನ ಗಂಡಸರೆಲ್ಲ ತುಂಬಿದ್ದರು. ಯಾರೋ ಹಾರ ತಂದಿಟ್ಟಿದ್ದರು. ಮೂರು ಗಂಟೆಗೆ ಹೊತ್ತು ಮುಗಿಯುತ್ತಿತ್ತು. ಚುನಾವಣಾಧಿಕಾರಿ ಬೇರೆ ಊರಿನವರು, ಬೆವರು ಒರೆಸಿಕೊಳ್ಳುತ್ತಾ ತಲೆಯೆತ್ತದೆ ಕೇಳಿದರು: "ಅಮ್ಮಾ, ಸ್ವಇಚ್ಛೆಯಿಂದ ವಾಪಸ್ ತಗೊಳ್ತಿದ್ದೀರಾ?"

"ಅಂದ್ರೆ?"

"ನಿಮ್ಮ ಮನಸ್ಸಿನಿಂದ ಬಂದಿದ್ದೀರಾ ಅಂತ."

"ಇಲ್ಲ ಸಾರ್. ಕರ್ಕೊಂಡ್ ಬಂದ್ರು, ಬಂದೆ."

ಅಧಿಕಾರಿ ತಲೆಯೆತ್ತಿದರು. ಯಜಮಾನರು ಬಾಗಿಲಿನಿಂದ, "ಅಂಜಿನೀ" ಎಂದರು. ಜೋರಾಗಿಯೇನಲ್ಲ. ಅತ್ತೆ ಹಿಂತಿರುಗಿ ನೋಡಲಿಲ್ಲ. ಅಧಿಕಾರಿ ಮತ್ತೆ ಕೇಳಿದರು, ಅವಳು ಮತ್ತೆ ಇಲ್ಲ ಎಂದಳು. ಅವರು ಪೆನ್ನಿನ ಮುಚ್ಚಳ ಹಾಕಿದರು. ವಾಪಸು ಬರುವಾಗ ನಾವು ಮೂವರೂ ಒಂದೇ ಮೊಪೆಡ್ ಮೇಲೆ, ಹಿಂದೆ ಯಾರಾದರೂ ಬರುತ್ತಿದ್ದಾರೆಯೇ ಎಂದು ನೋಡಿಕೊಂಡು ಬಂದೆವು.

"ಕಾರಲ್ಲಿ ಏನಂದ್ರು ಅತ್ತೆ?" ಎಂದು ಮನೆಗೆ ಬಂದಮೇಲೆ ಕೇಳಿದೆ.

"ನೀರು ಕೊಟ್ರು ಕಣೇ. ಆಯಪ್ಪಂದೇ ಬಾಟ್ಲಿ."

"ಕುಡಿದ್ಯಾ?"

"ಬಾಯಾರಿತ್ತು, ಕುಡ್ದೆ. ವಾಪಸ್ ಕೊಡಕ್ಕೋದ್ರೆ, ಇರ್ಲಿ, ಬಾಟ್ಲಿ ನೀನೇ ಇಟ್ಕೋ ಅಂದ್ರು."

ಓಟು ನಡೆಯಿತು. ಕಾಲೋನಿಯ ಮುದುಕಿಯರು ಬೆಳಿಗ್ಗೆಯೇ ತಲೆ ಬಾಚಿಕೊಂಡು ಸಾಲಿನಲ್ಲಿ ನಿಂತರು. ಅತ್ತೆ ಸೋತಳು. ನಮ್ಮವರೇ ಕೆಲವರು ಅವಳಿಗೆ ಹಾಕಲಿಲ್ಲ, ಅವರನ್ನು ನಾನು ಬೈಯುವುದಿಲ್ಲ. ಕಾಲೋನಿಯವರು ಹಾಲನ್ನು ಬಹಳ ಕಾಲ ಪಕ್ಕದೂರಿನ ಡೈರಿಗೆ ಸೈಕಲ್ ಮೇಲೆ ಹೊತ್ತರು. ಎಣಿಕೆ ಮುಗಿದ ಸಂಜೆ ನಾನು ಅತ್ತರೆ ಅತ್ತೆ, "ಸೋತೆ ಕಣೇ. ಆದ್ರೆ ಎಣ್ಸಿದ್ರಲ್ಲ" ಎಂದು ಹಸುವಿಗೆ ಹುಲ್ಲು ಹಾಕಲು ಎದ್ದಳು. ಆಮೇಲೆ ನಮ್ಮೂರಿನಲ್ಲಿ ಏಕಗ್ರೀವದ ಮಾತು ಏಳಲಿಲ್ಲ. ಅತ್ತೆ ತೀರಿಕೊಂಡು ಕೆಲವು ವರ್ಷಗಳಾದವು.

ಇಷ್ಟೆಲ್ಲ ಸುಧಾ ಮೇಡಂಗೆ ಹೇಳಲಿಲ್ಲ. "ಎದುರಿಗೆ ಯಾರೂ ನಿಲ್ಲಲೇ ಇಲ್ವಾ ಮೇಡಂ?" ಎಂದಷ್ಟೇ ಕೇಳಿದೆ.

"ಒಬ್ಳು ನಿಂತಿದಾಳೆ, ಕಾಲೋನಿಯವಳು. ಅದೂ ಜನರಲ್ ಸೀಟಿಗೆ, ನೋಡಿ. ನಾಳೆ ವಾಪಸ್ ತಗೊಳ್ತಾಳೆ. ಅಣ್ಣನೇ ಕರ್ಕೊಂಡ್ ಹೋಗ್ತಾರೆ."

"ಅವಳ ಹೆಸರೇನು?"

ಸುಧಾ ಮೇಡಂ ಯೋಚಿಸಿದರು. "ಗೊತ್ತಿಲ್ವಲ್ಲ ಮೇಡಂ."

ಸಿಹಿಯನ್ನು ಡಬ್ಬಿಗೇ ಇಟ್ಟೆ. "ನಾಳೆ ನಾನು ರಜೆ ಹಾಕ್ತೀನಿ. ನಿಮ್ಮೂರಿಗೇ ಬರ್ತಿದ್ದೀನಿ" ಎಂದೆ. ಅವರ ಮುಖ ಬಿಗಿಯಿತು. ವರ್ಷಗಳಿಂದ ಒಟ್ಟಿಗೆ ಊಟದ ಡಬ್ಬಿ ಬಿಚ್ಚಿದವರು ನಾವು. ಆ ದಿನ ಅವರು ತಮ್ಮ ಊಟದ ಡಬ್ಬಿಯನ್ನು ಬೇರೆ ಮೇಜಿಗೆ ಒಯ್ದರು.

ಬೆಳಗಿನ ಬಸ್ಸಿಗೆ ಹೋದೆ. ಅಲ್ಲಿಳಿದು ಕಾಲೋನಿ ಯಾವ ಕಡೆ ಎಂದು ಯಾರನ್ನೂ ಕೇಳಬೇಕಾಗಲಿಲ್ಲ, ಊರು ಮುಗಿಯುವ ಕಡೆ ನಡೆದರೆ ಸಿಗುತ್ತದೆ. ಹೆಸರು ವೆಂಕಟಲಕ್ಷ್ಮಿ, ನನಗಿಂತ ಚಿಕ್ಕವಳು. ರಾತ್ರಿಯಿಡೀ ನಿದ್ದೆಯಿಲ್ಲದ ಕಣ್ಣು. ನಾನು ಯಾರು, ನಮ್ಮೂರಲ್ಲಿ ನನ್ನ ಅತ್ತೆ ಏನು ಮಾಡಿದ್ದಳು ಎಂದು ಹೇಳಿಕೊಂಡೆ. ವಾಪಸ್ ತಗೋ ಎಂದೂ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಹಾಲನ್ನು ಮೋರಿಗೆ ಸುರಿಯಬೇಕಾದವಳು ಅವಳು, ನಾನು ಸಂಜೆಗೆ ಬಸ್ ಹತ್ತುವವಳು.

"ಅಲ್ಲಿ ಏನ್ ಕೇಳ್ತಾರೆ ಮೇಡಂ?" ಎಂದಳು.

"ನಿನ್ನ ಮನಸ್ಸಿನಿಂದ ಬಂದಿದ್ದೀಯಾ ಅಂತ ಕೇಳಬೇಕು. ಕೇಳದಿದ್ರೆ ನೀನೇ ಹೇಳ್ಬೋದು."

"ಇಲ್ಲ ಅಂದ್ರೆ?"

"ಓಟು ನಡೀತೈತೆ."

ಮಧ್ಯಾಹ್ನ ಬಾಗಿಲ ಮುಂದೆ ಕಾರು ಬಂದು ನಿಂತಿತು. ಮುಂದಿನ ಸೀಟಿನಿಂದ ಸುಧಾ ಮೇಡಂ ಅವರ ಅಣ್ಣ ಇಳಿದು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಇವರ್ಯಾರಮ್ಮಾ?" ಎಂದರು.

ವೆಂಕಟಲಕ್ಷ್ಮಿ ಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ನಮ್ಮೋರು," ಎಂದಳು. "ಓಟು ಆಗೋ ತನ್ಕ ಬಂದು ಹೋಗಿ ಮಾಡ್ತಿರ್ತಾರೆ."