ಈಜು ಬರುವವರು ಕೈ ಎತ್ತಿ

ಸಮುದ್ರ ಕಾಲು ಸುಟ್ಟಿತು ಎಂದು ಜುವೇನಾ ಕಿರುಚಿದಾಗ ಯಾರೂ ನಂಬಲಿಲ್ಲ. ಇಳಿತದ ಹೊತ್ತು, ಮೊಣಕಾಲುದ್ದದ ನೀರು, ನೆತ್ತಿಯ ಮೇಲೆ ಜಾಂಜಿಬಾರಿನ ಸೂರ್ಯ. ನೀರು ಬೆಚ್ಚಗಿರದೆ ಇನ್ನೇನು ಎಂದುಕೊಂಡು ಅಕ್ಕಪಕ್ಕದ ಕಡಲಪಾಚಿ ಪಾತಿಗಳಲ್ಲಿದ್ದ ಹೆಂಗಸರು ಬಗ್ಗಿದ ತಲೆ ಎತ್ತಲೂ ಇಲ್ಲ.

"ಏನೇ ಜುವೇನಾ, ಸಮುದ್ರಕ್ಕೂ ಜ್ವರ ಬಂತಾ? ಹಣೆ ಮುಟ್ಟಿ ನೋಡು!" ಎಂದು ದೂರದಿಂದಲೇ ಕೂಗಿದಳು ಮ್ವಾಕಾ. ಉಕ್ವಾಜುನಿ ಊರಿನಲ್ಲಿ ಅವಳ ಬಾಯಿಗೆ ಎದುರಿಲ್ಲ. ಅರುವತ್ತು ದಾಟಿದ ಹೆಂಗಸು, ಎಲ್ಲರಿಗೂ ಅಕ್ಕ, ಎಲ್ಲರ ಮನೆಯ ಸುದ್ದಿಯೂ ಅವಳ ನಾಲಿಗೆಯ ತುದಿಯಲ್ಲಿ.

"ನೀನೇ ಬಂದು ಕಾಲಿಡು ಅಕ್ಕಾ, ಆಮೇಲೆ ಹಲ್ಲು ಕಿರಿ!"

ಮ್ವಾಕಾ ಬಂದಳು, ಕಾಲಿಟ್ಟಳು, "ಯಾ ಅಲ್ಲಾ!" ಎಂದು ಹಿಂದಕ್ಕೆ ಹಾರಿದಳು. ಚಹಾಕ್ಕೆ ಇಟ್ಟ ನೀರಿನಷ್ಟು ಬಿಸಿ. ಜುವೇನಾ ಗೂಟದಿಂದ ಗೂಟಕ್ಕೆ ಕಟ್ಟಿದ್ದ ಹಗ್ಗ ಎತ್ತಿದಳು. ನಿನ್ನೆ ಮೊನ್ನೆಯವರೆಗೂ ಕೈತುಂಬ ಸಿಗುತ್ತಿದ್ದ ಕಡಲಪಾಚಿ ಬಿಳಿಚಿಕೊಂಡು, ಹೆಚ್ಚು ಬೆಂದ ಸೊಪ್ಪಿನಂತೆ ಬೆರಳ ಸಂದಿಯಿಂದ ಜಾರಿಹೋಯಿತು. ಪಕ್ಕದ ಹಗ್ಗವೂ ಹಾಗೇ. ಅದರ ಪಕ್ಕದ್ದೂ ಹಾಗೇ. ಆ ದಿನ ಮಧ್ಯಾಹ್ನದ ಹೊತ್ತಿಗೆ ಊರಿನ ಹೆಂಗಸರೆಲ್ಲ ಬರಿಗೈಯಲ್ಲಿ ದಡದ ಮೇಲೆ ಕೂತಿದ್ದರು.

ಕಡಲಪಾಚಿ ಜುವೇನಾಳಿಗೆ ಏನಾಗಿತ್ತು ಎಂಬುದನ್ನು ಹೇಳದಿದ್ದರೆ ಈ ಕಥೆ ಅರ್ಥವಾಗುವುದಿಲ್ಲ. ಗಂಡ ಹಡಗಿನ ಕೆಲಸಕ್ಕೆಂದು ಹೋದವನು ಪೆಂಬಾ ದ್ವೀಪದಲ್ಲಿ ಇನ್ನೊಬ್ಬಳನ್ನು ಕಟ್ಟಿಕೊಂಡು, ಇವಳಿಗೆ ತಲಾಕಿನ ಮಾತನ್ನು ಯಾರದೋ ಬಾಯಲ್ಲಿ ಹೇಳಿ ಕಳಿಸಿದ್ದ. ಕಂಕುಳಲ್ಲಿ ಮಗಳು ರಿಜಿಕಿ. ಅಣ್ಣನ ಮನೆಯಲ್ಲಿ ಇದ್ದಷ್ಟು ದಿನ ಅತ್ತಿಗೆ ಅನ್ನ ಬಡಿಸುವಾಗ ಸೌಟನ್ನು ಪಾತ್ರೆಗೆ ಕುಟ್ಟುತ್ತಿದ್ದ ಸದ್ದು ಇವಳ ಕಿವಿಯಲ್ಲಿ ಇವತ್ತಿಗೂ ಇದೆ. ಆಗ ಹಿಡಿದದ್ದು ಈ ಪಾಚಿ, ಬೆಳೆಸಿ ಒಣಗಿಸಿ ವ್ಯಾಪಾರಿಗಳಿಗೆ ಮಾರುವ ಕೆಲಸ. ಬಗ್ಗಿ ಬಗ್ಗಿ ಸೊಂಟ ಹೋಯಿತು, ಉಪ್ಪುನೀರಿಗೆ ಅಂಗಾಲು ಬಿರಿಯಿತು, ಆದರೆ ಹವಳದ ಕಲ್ಲಿನ ಎರಡು ಕೋಣೆಯ ಮನೆ ಎದ್ದಿತು, ತಗಡಿನ ಸೂರು ಬಂತು. 'ಹುಲ್ಲು ಕೊಯ್ಯೋ ಹೆಂಗಸರು' ಎಂದು ಆಡಿಕೊಂಡಿದ್ದ ಗಂಡಸರೇ ಆಮೇಲೆ ಹಬ್ಬದ ಹೊತ್ತಿಗೆ ಸಕ್ಕರೆ ಕೇಳಿಕೊಂಡು ಬರುತ್ತಿದ್ದರು. ಆ ಪಾಚಿ ಹೋದರೆ ಮತ್ತೆ ಅತ್ತಿಗೆಯ ಸೌಟಿನ ಸದ್ದೇ ಗತಿ.

ಪಟ್ಟಣದಿಂದ ಅಧಿಕಾರಿ ಕೊಂಬೊ ಸಾಹೇಬರು ಬಂದರು. ಜೊತೆಗೆ ನೀರಿನ ಕಾವು ಅಳೆಯುವ ಕೊಳವೆಗಳು. ಅವರ ಕಡೆಯವರು ನೀರಿಗಿಳಿದು ಇಲ್ಲಿ ಅದ್ದಿದರು, ಅಲ್ಲಿ ಅದ್ದಿದರು, ಮುದುಕಿಯರನ್ನು ಕೂರಿಸಿಕೊಂಡು ಯಾವ ಮಳೆಗಾಲ ತಪ್ಪಿತು, ಯಾವ ಬಾವಿ ಉಪ್ಪಾಯಿತು, ಅಲೆ ಯಾವ ತೆಂಗಿನಮರದವರೆಗೆ ಬಂದಿತ್ತು ಎಂದು ಕೇಳಿದರು. ಕಾಡುಬಾದಾಮಿ ಮರದ ಕೆಳಗೆ ಸಭೆ ಸೇರಿತು.

"ದೇಶದ ಕರಾವಳಿಯನ್ನೆಲ್ಲ ಹೀಗೇ ಅಳೀತಿದ್ದೀವಿ ತಾಯಂದಿರೇ. ಭೂಮಿ ಬಿಸಿಯಾಗ್ತಿದೆ. ದೂರದ ದೇಶಗಳ ಕಾರ್ಖಾನೆ ಹೊಗೆ, ಗಾಡಿ ಹೊಗೆ ಎಲ್ಲಾ ಸೇರಿ..."

"ಅಲ್ಲ ಸ್ವಾಮಿ," ಎಂದು ಮಧ್ಯೆ ಬಾಯಿ ಹಾಕಿದಳು ಮ್ವಾಕಾ, "ಯಾರದೋ ಮನೆ ಒಲೆ ಹೊಗೆಗೆ ನಮ್ಮ ಸಮುದ್ರ ಯಾಕೆ ಬೇಯ್ಬೇಕು? ಅವರೇನು ನಮ್ಮ ಬೀಗರಾ?"

ಎಲ್ಲರೂ ನಕ್ಕರು. ಸಾಹೇಬರು ತಮ್ಮ ಉಪಾಯ ಹೇಳಿದರು. ದಡದ ನೀರು ಇನ್ನು ಮೇಲೆ ಪಾಚಿಗೆ ಆಗಿಬರುವುದಿಲ್ಲ, ಹವಳದ ಬಂಡೆಸಾಲಿನ ಹತ್ತಿರ ಆಳವಿರುವಲ್ಲಿ ನೀರು ತಂಪಾಗಿದೆ, ದೋಣಿಯಲ್ಲಿ ಹೋಗಿ ಉದ್ದನೆಯ ಬಲೆಯ ಕೊಳವೆಗಳಲ್ಲಿ ಪಾಚಿ ತುಂಬಿ ತೇಲಿಬಿಡಬೇಕು. ದೋಣಿ ಕೊಡುತ್ತೇವೆ, ಬಲೆ ಕೊಡುತ್ತೇವೆ, ಎಲ್ಲರಿಗೂ ಲೈಫ್ ಜಾಕೆಟ್ ಕೊಡುತ್ತೇವೆ ಎಂದರು.

"ಸರಿ, ಈಜು ಬರೋರು ಕೈ ಎತ್ತಿ."

ಒಂದು ಕೈಯೂ ಏಳಲಿಲ್ಲ. ಸಾಹೇಬರು ಪ್ರಶ್ನೆ ಕೇಳಿಸಲಿಲ್ಲವೇನೋ ಎಂದು ಮತ್ತೊಮ್ಮೆ ಕೇಳಿದರು. ಆಗಲೂ ಏಳಲಿಲ್ಲ. ಅವರ ಬಾಯಿ ತೆರೆದದ್ದು ತೆರೆದೇ ಇತ್ತು.

"ಸಮುದ್ರದ ಬಾಗಿಲಲ್ಲೇ ಹುಟ್ಟಿ ಬೆಳೆದೋರು! ಒಬ್ಬರಿಗೂ ಬರಲ್ವಾ?"

"ಮರ್ಯಾದಸ್ಥ ಹೆಂಗಸರು ನೀರಲ್ಲಿ ನಿಲ್ತಾರೆ ಸ್ವಾಮಿ, ಮಲಗಲ್ಲ," ಎಂದಳು ಮ್ವಾಕಾ. ಸಭೆ ಗೊಳ್ಳೆಂದಿತು. ಅವಳ ಎರಡೂ ಕೈಗಳು ಮೈಗೆ ಸುತ್ತಿದ ಕಾಂಗಾ ಬಟ್ಟೆಯೊಳಗೆ ಬಿಗಿಯಾಗಿ ಸೇರಿಕೊಂಡಿದ್ದನ್ನು ಜುವೇನಾ ಕಂಡಳು. ಇಷ್ಟು ಸೆಕೆಯಲ್ಲಿ ಇವಳಿಗೇನು ಚಳಿ ಎಂದುಕೊಂಡಳು.

ರಿಜಿಕಿಗೆ ಈಗ ಇಪ್ಪತ್ತರ ವಯಸ್ಸು. ದೋಣಿ ಹತ್ತುವುದಿಲ್ಲ ಎಂದು ಹಟ ಹಿಡಿದಳು.

"ಅಮ್ಮಾ, ನಂಗೆ ಸೊಂಟ ದಾಟಿದ ನೀರು ಅಂದ್ರೆ ಜೀವ ಬಾಯಿಗೆ ಬರುತ್ತೆ. ನೀನೇ ತಾನೆ ಮಾಡಿದ್ದು?"

ಅದು ಸುಳ್ಳಲ್ಲ. ರಿಜಿಕಿ ಚಿಕ್ಕವಳಿದ್ದಾಗ ಹುಡುಗರ ಜೊತೆ ಭರತದ ನೀರಿಗೆ ಹಾರಿ ಮೀನಿನ ಹಾಗೆ ತೇಲುತ್ತಿದ್ದಳು. ಆ ಸುದ್ದಿಯನ್ನು ಓಡೋಡಿ ತಂದವಳು ಇದೇ ಮ್ವಾಕಾ. "ನಿನ್ನ ಮಗಳು ಗಂಡು ಹುಡುಗರ ಮಧ್ಯೆ ಒದ್ದೆ ಬಟ್ಟೇಲಿ ಬಿದ್ದು ಹೊರಳಾಡ್ತಿದ್ದಾಳೆ, ನೀನಿಲ್ಲಿ ತೆಂಗಿನಕಾಯಿ ತುರೀತಾ ಕೂತಿದ್ದೀಯಲ್ಲೇ!" ಎಂದಿದ್ದಳು. ಗಂಡ ಬಿಟ್ಟವಳ ಮಗಳು ಎಂದು ಊರು ಮೊದಲೇ ಕಣ್ಣಿಟ್ಟಿತ್ತು. ಜುವೇನಾ ಹೋಗಿ ಮಗಳ ಜುಟ್ಟು ಹಿಡಿದು ಎಳೆದುತಂದು ಕಡ್ಡಿಪೊರಕೆಯಲ್ಲಿ ಬಾಸುಂಡೆ ಬರುವಂತೆ ಬಾರಿಸಿದ್ದಳು. ಮಗು ಮತ್ತೆಂದೂ ಆಳಕ್ಕೆ ಇಳಿಯಲಿಲ್ಲ.

"ಈಜೋದಕ್ಕೆ ಯಾರು ಹೇಳಿದ್ರು? ದೋಣೀಲಿ ಕೂತ್ಕೊಂಡು ಬಲೆ ಎಳೆಯೋದು ಅಷ್ಟೇ. ನನ್ನ ಸೊಂಟ ಒಂದೇ ಸಾಲಲ್ಲ ಕಣೇ. ಇಲ್ಲಾಂದ್ರೆ ನಡಿ, ನಿಮ್ಮ ಅತ್ತೆ ಮನೇಲಿ ಪಾತ್ರೆ ಉಜ್ಜೋಣ," ಎಂದಳು ಜುವೇನಾ. ರಿಜಿಕಿ ಒಪ್ಪಿಕೊಂಡಳು.

ಲೈಫ್ ಜಾಕೆಟ್‌ಗಳೂ ಬಂದವು, ಪ್ಲಾಸ್ಟಿಕ್ ಚೀಲದಲ್ಲಿ ಮಡಿಚಿಟ್ಟ ಕಿತ್ತಳೆ ಬಣ್ಣದ ಹೊಚ್ಚಹೊಸ ಜಾಕೆಟ್‌ಗಳು. ಅಷ್ಟು ಚೆಂದದ ವಸ್ತುವನ್ನು ಉಪ್ಪುನೀರಿಗೆ ಯಾರು ಒಯ್ಯುತ್ತಾರೆ? ಒಬ್ಬಳು ಪೆಟ್ಟಿಗೆಯಲ್ಲಿ ಬಟ್ಟೆಯ ನಡುವೆ ಇಟ್ಟಳು. ಜುವೇನಾ ತನ್ನದನ್ನೂ ಮಗಳದನ್ನೂ ಚೀಲ ಬಿಚ್ಚದೆ ಹೊರಕೋಣೆಯ ಗೋಡೆಗೆ, ಬಂದವರಿಗೆ ಕಾಣುವಂತೆ ತೂಗುಹಾಕಿದಳು. ಸಾಹೇಬರು ನೋಡಲು ಬಂದ ದಿನ ಮಾತ್ರ ಎಲ್ಲರೂ ಹಾಕಿಕೊಂಡು ನಿಂತರು.

ಮೊದಲ ಕೊಯ್ಲಿನ ದಿನ ಜುವೇನಾ, ರಿಜಿಕಿ, ಮ್ವಾಕಾ ಎಲ್ಲರೂ ಹತ್ತಿದ ದೋಣಿ ನಡೆಸಿದವನು ಮ್ವಾಕಾಳ ಗಂಡ ಉಸ್ಸಿ. "ಹುಟ್ಟಿದಾಗಿಂದ ಈ ನೀರಿನ ಮೇಲೇ ಇದ್ದೀನಿ, ನಾನಿರೋವಾಗ ಏನ್ರೇ ಭಯ?" ಎಂದು ಮೀಸೆ ತಿರುವಿದ. ಬಂಡೆಸಾಲಿನ ಬಳಿ ಬಲೆ ಎತ್ತಿದರೆ ಪಾಚಿ ದಟ್ಟವಾಗಿ, ಕಂದು ಹಸಿರಾಗಿ ಹೊಳೆಯುತ್ತಿತ್ತು. ಹೆಂಗಸರು ಹೋ ಎಂದು ಕೂಗಿದರು. ಆ ಖುಷಿಯಲ್ಲಿ ಎಲ್ಲರೂ ಒಂದೇ ಕಡೆಗೆ ಬಾಗಿ ಎಳೆದರು. ಉಸ್ಸಿ "ಏಯ್ ಏಯ್!" ಅನ್ನುವಷ್ಟರಲ್ಲಿ ದೋಣಿ ಮಗುಚಿಕೊಂಡಿತು.

ಜುವೇನಾಳ ಮೂಗು ಬಾಯಿಗೆಲ್ಲ ಉಪ್ಪು ನುಗ್ಗಿತು. ಕೈಗೆ ಸಿಕ್ಕ ಮರದ ಅಂಚನ್ನು ತಬ್ಬಿ ತಲೆ ಎತ್ತಿದಾಗ ಉಳಿದ ಹೆಂಗಸರು ಮಗುಚಿದ ದೋಣಿಗೆ ಅಂಟಿಕೊಂಡು ಅರಚುತ್ತಿದ್ದರು. ಉಸ್ಸಿಯೂ ಅಂಟಿಕೊಂಡಿದ್ದ! ಹುಟ್ಟಿದಾಗಿಂದ ನೀರಿನ ಮೇಲಿದ್ದವನು ಕಣ್ಣು ಮುಚ್ಚಿಕೊಂಡು ದೇವರನ್ನು ಕೂಗುತ್ತಿದ್ದ, ಈಜು ಅವನಿಗೂ ಬರುತ್ತಿರಲಿಲ್ಲ.

"ರಿಜಿಕೀ!"

ದೂರದಲ್ಲಿ ಹಳದಿ ಕಾಂಗಾ ತೇಲುತ್ತಿತ್ತು. ಅದರ ಆಚೆಗೆ ಒಂದು ಕೈ ಮೇಲೆದ್ದಿತು, ಮುಳುಗಿತು. ಸೆಳೆತ ಅವಳನ್ನು ಬಂಡೆಸಾಲಿನ ಕಂಡಿಯ ಕಡೆಗೆ ಒಯ್ಯುತ್ತಿತ್ತು. ಜುವೇನಾಳ ಕಣ್ಣಿಗೆ ಆ ಕ್ಷಣದಲ್ಲಿ ಕಂಡದ್ದು ಮನೆಯ ಗೋಡೆ, ಗೋಡೆಯ ಮೇಲೆ ಪ್ಲಾಸ್ಟಿಕ್ಕಿನೊಳಗೆ ಹೊಚ್ಚಹೊಸದಾಗಿಯೇ ತೂಗುತ್ತಿದ್ದ ಜಾಕೆಟ್. ಅವಳು ಮರ ಬಿಟ್ಟು ಮಗಳ ಕಡೆಗೆ ಹಾರಲು ಹೋದಳು. ಯಾರೋ ಅವಳ ಕತ್ತಿನ ಪಟ್ಟಿ ಹಿಡಿದು ದೋಣಿಗೆ ಒತ್ತಿದರು.

"ನೀ ಸಾಯ್ತೀಯ ಪೆದ್ದೀ! ಹಿಡ್ಕೋ ಗಟ್ಟಿಯಾಗಿ!"

ಮ್ವಾಕಾ. ಅವಳು ತಲೆಯ ಬಟ್ಟೆ ಕಿತ್ತೆಸೆದಳು, ಸೊಂಟದ ಕಾಂಗಾ ಬಿಚ್ಚಿ ನೀರಿಗೆ ಬಿಟ್ಟಳು, ಬೆಳ್ಳಗಾದ ಕೂದಲಿನ ಆ ತಲೆ ನೀರೊಳಗೆ ಮಾಯವಾಯಿತು. ಆಯಿತು, ಇವಳೂ ಹೋದಳು ಎಂದುಕೊಂಡಳು ಜುವೇನಾ. ಅಷ್ಟರಲ್ಲಿ ತಲೆ ಎಷ್ಟೋ ದೂರದಲ್ಲಿ ಎದ್ದಿತು. ತೋಳು ಬೀಸಿ, ತೋಳು ಬೀಸಿ, ಅವಸರವಿಲ್ಲದೆ, ಅಂಗಳ ಗುಡಿಸುವಷ್ಟು ಸಲೀಸಾಗಿ ಮ್ವಾಕಾ ಈಜುತ್ತಿದ್ದಳು. ದೋಣಿಯ ಸುತ್ತ ಅರಚಾಟ ನಿಂತುಹೋಯಿತು. ಉಸ್ಸಿ ದೇವರನ್ನು ಕೂಗುವುದನ್ನೂ ಮರೆತು ಹೆಂಡತಿಯನ್ನು ನೋಡುತ್ತಿದ್ದ.

ಮ್ವಾಕಾ ರಿಜಿಕಿಯನ್ನು ಹಿಡಿದು ತೇಲಿಸಿಕೊಂಡಿದ್ದಳು, ಅಷ್ಟರಲ್ಲಿ ಬೇರೆ ದೋಣಿಯವರು ಬಂದು ಎಲ್ಲರನ್ನೂ ದಡಕ್ಕೆ ಹಾಕಿದರು. ರಿಜಿಕಿ ನೀರು ಕಾರಿದಳು, ಕೆಮ್ಮಿದಳು, ಅತ್ತಳು. ಬದುಕಿದ್ದಳು. ಜುವೇನಾ ಮಗಳ ಬೆನ್ನು ಉಜ್ಜಿದಳು, ಎದ್ದಳು, ಯಾರದೋ ಹರಿದ ಚಾದರ ಹೊದ್ದು ಕೂತಿದ್ದ ಮ್ವಾಕಾಳ ಬಳಿ ಹೋಗಿ ಕೆನ್ನೆಗೆ ಛಟೀರೆಂದು ಬಾರಿಸಿದಳು.

"ಬರ್ತಿತ್ತು ನಿಂಗೆ! ನಿಂಗೆ ಬರ್ತಿತ್ತು! ಈಜು ಬಂದೂ ನನ್ನ ಮಗಳ ಮೇಲೆ ಚಾಡಿ ಹೇಳಿದ್ಯಲ್ಲೇ? ನನ್ನ ಕೈಲೇ ಹೊಡೆಸಿದ್ಯಲ್ಲೇ ಪಾಪಿ!"

ಮ್ವಾಕಾ ಕೆನ್ನೆ ಸವರಿಕೊಳ್ಳಲಿಲ್ಲ. "ನಂಗೆ ಮೊದಲು ಒಂದು ಮದುವೆ ನಿಶ್ಚಯ ಆಗಿತ್ತು, ಗೊತ್ತೇನೇ ನಿಂಗೆ? ಹುಡುಗನ ಅಣ್ಣ ತೆಂಗಿನಮರ ಹತ್ತಿದ್ದೋನು ನಾನು ಈಜೋದು ನೋಡಿದ. ನೀರಲ್ಲಿ ಮಲಗೋಳು ಎಲ್ಲಾದರೂ ಮಲಗ್ತಾಳೆ ಅಂತ ಮದುವೆ ಮುರಿದ್ರು. ನಮ್ಮಪ್ಪ ಸಾಯೋವರೆಗೂ ನನ್ನ ಮುಖ ನೋಡಿ ಮಾತಾಡ್ಲಿಲ್ಲ. ನಿನ್ನ ಮಗಳಿಗೆ ಮೊದಲೇ ಅಪ್ಪ ಇಲ್ಲ. ಅದಕ್ಕೇ ಓಡಿಬಂದೆ ಕಣೇ. ಇನ್ಯಾಕೆ ಬರ್ಲಿ?"

ಜುವೇನಾ ಮತ್ತೆ ಎತ್ತಿದ್ದ ಕೈ ಹಾಗೇ ಇಳಿಯಿತು. ಉಸ್ಸಿ ಹೆಂಡತಿಯ ಕಡೆ ತಿರುಗಿಯೂ ನೋಡದೆ ಮನೆಯ ದಾರಿ ಹಿಡಿದ.

ಸುದ್ದಿ ಕೇಳಿ ಕೊಂಬೊ ಸಾಹೇಬರು ಗಾಬರಿಯಾಗಿ ಬಂದರು. ಮತ್ತೆ ಅದೇ ಕಾಡುಬಾದಾಮಿ ಮರ, ಅದೇ ಸಭೆ. ಒಂದು ಕಡೆ ಗಂಡಸರು, ಉಸ್ಸಿಯೂ ಇದ್ದ. ಅಂದಿನಿಂದ ಅವನು ಹೆಂಡತಿಯ ಜೊತೆ ಮಾತಾಡಿಲ್ಲ ಎಂದು ಊರಿಗೆಲ್ಲ ಗೊತ್ತಿತ್ತು. ಮ್ವಾಕಾ ಹಿಂದೆ ಮರದ ಬುಡಕ್ಕೆ ಒರಗಿ ಕೂತಿದ್ದಳು.

"ಇನ್ನು ಮೇಲೆ ಈಜು ಕಲೀದೆ ಯಾರನ್ನೂ ದೋಣಿ ಹತ್ತಿಸಲ್ಲ," ಎಂದರು ಸಾಹೇಬರು. "ಪಟ್ಟಣದಿಂದ ಗಂಡಸರನ್ನ ಕಳಿಸಿದ್ರೆ ನೀವು ಕಲಿಯಲ್ಲ, ನಂಗೊತ್ತು. ಅದಕ್ಕೇ ಇನ್ನೊಂದ್ಸಲ ಕೇಳ್ತೀನಿ. ನಿಮ್ಮಲ್ಲಿ ಈಜು ಬರೋರು ಕೈ ಎತ್ತಿ."

ಮ್ವಾಕಾಳ ಕೈಗಳು ಕಾಂಗಾದೊಳಗೆ ಸರಿದವು. ಈ ಸಲ ಜುವೇನಾಳಿಗೆ ಅದು ಚಳಿಯಲ್ಲವೆಂದು ಗೊತ್ತಿತ್ತು. ಅವಳ ಸಿಟ್ಟು ಇನ್ನೂ ಇಳಿದಿರಲಿಲ್ಲ. ಆದರೂ ಎದ್ದು ಹೋಗಿ, ಬಟ್ಟೆಯೊಳಗೆ ಕೈ ಹಾಕಿ, ಮುದುಕಿಯ ಮಣಿಕಟ್ಟು ಹಿಡಿದು ಹೊರಗೆಳೆದು ಎತ್ತಿ ಹಿಡಿದಳು.

"ಇವಳಿಗೆ ಬರುತ್ತೆ! ನನ್ನ ಮಗಳು ಉಸಿರಾಡ್ತಿರೋದು ಇವಳು ನೀರಲ್ಲಿ ಮಲಗಿದ್ದಕ್ಕೆ. ಯಾರಿಗೆ ಏನು ಅನ್ಬೇಕೋ ನನ್ನೆದುರು ಅನ್ರಿ!"

ಉಸ್ಸಿ ನೆಲ ನೋಡುತ್ತಿದ್ದ. ಆಗ ಮುಂದಿನ ಸಾಲಿನಿಂದ ಒಂದು ಕೈ ಎದ್ದಿತು, ಸುಕ್ಕುಗಟ್ಟಿದ್ದು, ಇಮಾಮರ ತಾಯಿಯದು. ಜುವೇನಾ ಕಣ್ಣು ಉಜ್ಜಿಕೊಂಡಳು. ಇನ್ನೊಂದು ಕೈ ಎದ್ದಿತು, ಸೂಲಗಿತ್ತಿಯದು. ಅದರ ಹಿಂದೆ ಇನ್ನೊಂದು. ಆ ಕಡೆಯಿಂದ ಮತ್ತೊಂದು. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ದೇವರೇ, ಇವರಿಗೆಲ್ಲ ಬರುತ್ತಿತ್ತು! ಬರುತ್ತಿದ್ದವರೇ ಬಾಯಿ ಮುಚ್ಚಿಕೊಂಡು, ತಮ್ಮ ತಮ್ಮ ಹೆಣ್ಣುಮಕ್ಕಳನ್ನು ನೀರಿನಿಂದ ಎಳೆದು ಎಳೆದು ದಡಕ್ಕೆ ಹಾಕಿದ್ದರು. ಜುವೇನಾ ಮಗಳ ಪಕ್ಕಕ್ಕೆ ಬಂದು ಕೂತಳು.

ರಿಜಿಕಿ ಆ ಕೈಗಳನ್ನೆಲ್ಲ ಒಂದೊಂದಾಗಿ ನೋಡಿದಳು. ಆಮೇಲೆ ಅಮ್ಮನ ಕಡೆ ತಿರುಗಿದಳು.

"ಅಮ್ಮಾ, ನಿಂಗೂ ಬರುತ್ತಾ?"

"ಇಲ್ಲ ಕಣೇ! ದೇವರಾಣೆ ನಂಗೆ ಬರಲ್ಲ."

ರಿಜಿಕಿ ಅಮ್ಮನ ಮುಖ ನೋಡುತ್ತಿರಲಿಲ್ಲ. ಕಾಂಗಾದ ಸೆರಗಿನೊಳಗೆ ಸೇರಿಕೊಂಡಿದ್ದ ಅವಳ ಕೈಗಳನ್ನು ನೋಡುತ್ತಿದ್ದಳು.

"ನಿಜ ಹೇಳಮ್ಮಾ," ಎಂದಳು.