ಬೆಸುಗೆಗೆ ಮೊದಲು ಹಾಕಿದ ಜಡೆ

ಗೆಳತಿ ತೀರಿಕೊಂಡಾಗ ಅವಳ ಕೂದಲು ಅರ್ಧ ಬಿಚ್ಚಿತ್ತು. ಭಾನುವಾರ ನಾನು ಹೋಗಿ ಹೊಸದಾಗಿ ಜಡೆ ಹಾಕಿಕೊಡುವುದೆಂದು ಮಾತಾಗಿತ್ತು. ಅದಕ್ಕಾಗಿ ಹಳೆಯ ಸಣ್ಣ ಸಣ್ಣ ಜಡೆಗಳನ್ನು ಬಿಚ್ಚುತ್ತ ಕೂತಿದ್ದಾಗಲೇ ಮಿದುಳಿನಲ್ಲಿ ರಕ್ತನಾಳ ಒಡೆಯಿತು.

ಅವಳು ಕ್ಯಾಮರೂನಿನವಳು. ಹ್ಯಾಂಬರ್ಗಿನ ಒಂದು ರಸಾಯನಶಾಸ್ತ್ರ ವಿಭಾಗದಲ್ಲಿ ಸ್ವಂತ ಸಂಶೋಧನಾ ತಂಡ ಕಟ್ಟಿದ ಮೊದಲ ಕಪ್ಪು ಹೆಂಗಸು. ನಾನು ಪಿಯುಸಿ ಓದಿದವಳು, ಅಲ್ಲೇ ಗಾಜಿನ ಪಾತ್ರೆ ತೊಳೆಯುವ ಕೆಲಸ. ಅವಳು ಬಂದ ಹೊಸತರಲ್ಲಿ ಯಾರೋ ಅತಿಥಿ ಪ್ರೊಫೆಸರ್ ಕೊಳಕು ಬೀಕರುಗಳ ಟ್ರೇಯನ್ನು ಅವಳ ಕೈಗೆ ಕೊಟ್ಟುಬಿಟ್ಟ. ಅವಳು ಅದನ್ನು ಹಾಗೇ ಹೊತ್ತು ನನ್ನ ಕೋಣೆಗೆ ಬಂದು, "ನಿನ್ನ ಕೆಲಸ ನನಗೂ ಸಿಕ್ಕಿತು ನೋಡು. ಸಂಬಳದಲ್ಲಿ ಪಾಲು ಕೊಡು" ಎಂದು ನಕ್ಕಳು. ನಮ್ಮ ಸ್ನೇಹ ಶುರುವಾದದ್ದು ಹಾಗೆ.

ಜಡೆ ಹಾಕಿಸಿಕೊಳ್ಳುವಾಗ ಅವಳು ತನಗಿಂತ ಹಿಂದಿನವರ ಕಥೆ ಹೇಳುತ್ತಿದ್ದಳು. ಒಂದು ಮರದ ಬೀಜದೆಣ್ಣೆಯನ್ನು ಕುಷ್ಠರೋಗಕ್ಕೆ ಚುಚ್ಚುಮದ್ದಾಗಿ ಮಾಡಿದ ಕಪ್ಪು ಹುಡುಗಿಯೊಬ್ಬಳಿದ್ದಳಂತೆ. ನಮ್ಮ ಉಡುಪಿ ಕಡೆಯ ಗರುಡಫಲದ ಮರವೂ ಅದೇ ಜಾತಿ ಎಂದು ನಾನು ಹೇಳಿದಾಗ ಅವಳಿಗೆ ಬಹಳ ಖುಷಿಯಾಯಿತು. ಆಮೇಲೆ ಮೆಲ್ಲಗೆ, "ಆಕೆ ಬೇಗ ಸತ್ತಳು. ಕೆಲಸಕ್ಕೆ ಇನ್ನೊಬ್ಬ ತನ್ನ ಹೆಸರು ಹಾಕಿಕೊಂಡ" ಎಂದಳು.

ವಿಭಾಗ ಹೊರತರುವ ಪ್ರತಿ ಪುಸ್ತಿಕೆಯಲ್ಲೂ ಅವಳ ನಗುಮುಖ ಇರುತ್ತಿತ್ತು. ಆದರೆ ನೌಕರಿಯ ಕರಾರು ಮಾತ್ರ ವರ್ಷ ವರ್ಷವೂ ಹೊಸದಾಗಬೇಕಿತ್ತು. ಬಿಟ್ಟು ಹೋಗು ಎಂದು ನಾನು ಅಂದರೆ, "ನಾನು ಹೋದರೆ ಕಪ್ಪು ಹೆಂಗಸರಿಗೆ ಇದೆಲ್ಲ ಆಗುವುದಿಲ್ಲ ಅನ್ನುತ್ತಾರೆ. ನನ್ನ ಹಿಂದೆ ಬರುವವಳಿಗೆ ಬಾಗಿಲು ಹಾಕುತ್ತಾರೆ" ಅನ್ನುತ್ತಿದ್ದಳು.

ಅವಳ ತಾಯಿಗೆ ವೀಸಾ ಸಿಗಲಿಲ್ಲ. ದೇಹವನ್ನೇ ಊರಿಗೆ ಕಳಿಸುವುದೆಂದಾಯಿತು. ವಿಮಾನದಲ್ಲಿ ಕಳಿಸಲು ಶವಪೆಟ್ಟಿಗೆಯ ಒಳಗಿನ ಸತುವಿನ ಪೆಟ್ಟಿಗೆಗೆ ಬೆಸುಗೆ ಹಾಕುತ್ತಾರೆ, ಮತ್ತೆ ತೆರೆಯುವಂತಿಲ್ಲ. ತಾಯಿ ಫೋನಿನಲ್ಲಿ ನನ್ನನ್ನು ಕೇಳಿದ್ದು ಒಂದೇ: "ತಲೆ ಹಾಗೇ ಬಿಟ್ಟು ಮುಚ್ಚಬೇಡಿ."

ನನ್ನ ಗಂಡ ಶವಾಗಾರದ ಮುಂದೆ ಕಾರು ನಿಲ್ಲಿಸಿ, "ಹೆಣಕ್ಕೆ ಜಡೆ ಹಾಕುದಾ ಮಾರಾಯ್ತಿ? ನಮ್ಮಲ್ಲಿ ಉಂಟಾ ಇದು? ಬೆಸುಗೆ ಹಾಕಿದ ಮೇಲೆ ನೋಡುವವರು ಯಾರು?" ಎಂದರು.

"ಅವರಮ್ಮ ಕೇಳಿದ್ದಾರಲ್ಲ."

"ಹೋಗು. ಮನೆಗೆ ಬಂದು ಸೀದಾ ಸ್ನಾನ ಮಾಡು."

ಆ ಕೋಣೆಗೆ ಕಿಟಕಿ ಇರಲಿಲ್ಲ. ಮಧ್ಯಾಹ್ನದೊಳಗೆ ಮುಗಿಸಬೇಕೆಂದು ಅಲ್ಲಿನವನು ಹೇಳಿ ಬಾಗಿಲೆಳೆದುಕೊಂಡು ಹೋದ. ತಾಯಿಗೆ ವಿಡಿಯೊ ಕರೆ ಮಾಡಿ, ಅವರಿಗೆ ಕಾಣುವ ಹಾಗೆ ಫೋನನ್ನು ಕಪಾಟಿನ ಮೇಲೆ ಒರಗಿಸಿಟ್ಟೆ. ಹಿಂದಲೆ ನನಗೆ ರೂಢಿ. ಮುಂದಲೆಯದನ್ನು ಅವಳೇ ಕನ್ನಡಿ ನೋಡಿ ಹಾಕಿಕೊಳ್ಳುತ್ತಿದ್ದಳು, ನನಗೆ ಬಾರದು. ತಾಯಿ ಇಂಗ್ಲಿಷಿನಲ್ಲಿ ಹೇಳಿಕೊಟ್ಟಂತೆ ಬೈತಲೆ ತೆಗೆಯುತ್ತ ಹೋದೆ. ಕೂದಲು ತಣ್ಣಗಿತ್ತು. ನನ್ನ ಬೆರಳುಗಳೂ ಸೆಟೆದುಕೊಂಡವು.

"ಅಷ್ಟು ಬಿಗಿ ಎಳೆಯಬೇಡ ಮಗಳೇ, ಅವಳಿಗೆ ನೋಯುತ್ತೆ" ಎಂದರು ತಾಯಿ.

ಪ್ರಯೋಗಾಲಯದಲ್ಲಿ ಯಂತ್ರಕ್ಕೆ ಸಿಕ್ಕೀತು, ಬೆಂಕಿಗೆ ತಾಗೀತು ಎಂದು ಅವಳ ಕೂದಲಿನ ಬಗ್ಗೆ ಒಬ್ಬರಲ್ಲ ಒಬ್ಬರು ತಕರಾರು ಎತ್ತುತ್ತಿದ್ದರು. ಅದಕ್ಕೇ, "ಇನ್ನೂ ಎಳಿ" ಅನ್ನುತ್ತಿದ್ದಳು. ಮರುದಿನ ತಲೆನೋವಿನ ಮಾತ್ರೆ ನುಂಗುತ್ತಿದ್ದಳು. ಅದನ್ನು ತಾಯಿಗೆ ಹೇಳಲಿಲ್ಲ.

ಬಾಗಿಲು ತಟ್ಟಿದ ಸದ್ದಾಯಿತು. ಸಡಿಲ ಮಾಡಬೇಕೆಂದರೆ ಹಾಕಿದ್ದನ್ನೆಲ್ಲ ಬಿಚ್ಚಬೇಕು, ಬಿಚ್ಚಿದರೆ ಪೂರ್ತಿ ಆಗುವುದಿಲ್ಲ. ಬಿಚ್ಚಿದೆ. ಮುಂದಲೆಯದನ್ನು ಸಡಿಲವಾಗಿ ಹೆಣೆದೆ. ಹಿಂದಿನ ಕೂದಲು ಹಾಗೇ ಉಳಿಯಿತು, ಅದನ್ನು ದಿಂಬಿನ ಮೇಲೆ ಹರಡಿದೆ.

"ಸಾಕು" ಎಂದರು ತಾಯಿ. ಆದರೆ ಫೋನು ಇಡಲಿಲ್ಲ. ನಾನೂ ಇಡಲಿಲ್ಲ.