ಎದುರು ಮನೆ ಆಂಟಿಯ ‘ಸುಸ್ವಾಗತ’

ನಿನ್ನೆ ಬೀರು ಸರಿಮಾಡುವಾಗ ಹಳೆಯ ಟ್ಯಾಬ್ ಸಿಕ್ಕಿತು. ಚಾರ್ಜಿಗೆ ಹಾಕಿದೆ. ಪರದೆ ಬೆಳಗಿ, ಚೌಕ ಚೌಕದ ಅಕ್ಷರಗಳಲ್ಲಿ ‘ಸುಸ್ವಾಗತ’ ಮೂಡಿತು. ಕೊನೆಯ ‘ತ’ದ ಕೆಳಸಾಲು ಮಾತ್ರ ಇನ್ನೂ ಮಸುಕು... ನೋಡುತ್ತಾ ನೆಲದ ಮೇಲೆಯೇ ಕುಳಿತುಬಿಟ್ಟೆ.

ಸಂಜಯನಗರದ ನಮ್ಮ ಬೀದಿಯಲ್ಲಿ ಎದುರು ಮನೆ ಆಂಟಿ ಹಾಕಿಕೊಟ್ಟ ‘ಸುಸ್ವಾಗತ’ ಇಲ್ಲದ ಬಾಗಿಲೇ ಇರಲಿಲ್ಲ. ಮನೆಯಲ್ಲಿ ಉರ್ದು ಮಾತಾಡುತ್ತಿದ್ದ ಅವರು ಚೌಕ ಚೌಕ ಮನೆಗಳಿರುವ ಮ್ಯಾಟಿ ಬಟ್ಟೆಯ ಮೇಲೆ ಕ್ರಾಸ್ ಸ್ಟಿಚ್‌ನಲ್ಲಿ ಕನ್ನಡ ಹೊಲಿಯುತ್ತಿದ್ದರು. ಅವರ ಬಾಗಿಲು ಮಾತ್ರ ಬೋಳು. ‘ನಮ್ದು ಆಮೇಲೆ’ ಅನ್ನುತ್ತಲೇ ಇದ್ದರು. ಅಂತೂ ಒಮ್ಮೆ ತಮಗೆಂದು ದಾರ ಆರಿಸಿಟ್ಟರು. ಅಷ್ಟರಲ್ಲಿ ಸ್ಟ್ರೋಕ್ ಆಗಿ ಬಲಗೈ ಸ್ವಾಧೀನ ತಪ್ಪಿತು.

ನಾನಾಗ ಮೊಬೈಲ್ ಗೇಮ್‌ಗಳಿಗೆ ಫಾಂಟ್ ಮಾಡುತ್ತಿದ್ದೆ. ಹಳೆಯ ಟಿವಿ ಗೇಮ್‌ಗಳಲ್ಲಿದ್ದಂಥ ಪಿಕ್ಸೆಲ್ ಅಕ್ಷರಗಳು ಇಂಗ್ಲಿಷಿನಲ್ಲಿ ಬೇಕಾದಷ್ಟಿದ್ದವು. ನಮ್ಮ ದುಂಡು ಅಕ್ಷರಗಳನ್ನು ಚೌಕಗಳಲ್ಲಿ ಕೂರಿಸುವುದೇ ಕಷ್ಟ. ಇದೂ ಆಂಟಿ ಮಾಡುತ್ತಿದ್ದಂತೆ ಮನೆ ಮನೆ ತುಂಬುವ ಕೆಲಸವೇ ಅಲ್ಲವೇ ಅನ್ನಿಸಿ, ಒಂದು ಸಂಜೆ ಟ್ಯಾಬ್ ಒಯ್ದು ಅವರ ತೊಡೆಯ ಮೇಲಿಟ್ಟೆ.

‘ಆಂಟಿ, ಎಡಗೈ ಬೆರಳು ಸಾಕು. ನಿಮ್ಮನೆ ಸುಸ್ವಾಗತ ಇದ್ರಲ್ಲೇ ಹಾಕಿ. ಬಟ್ಟೆ ಮೇಲೆ ಪ್ರಿಂಟ್ ಹಾಕಿಸಿ ನಿಮ್ ಬಾಗಿಲಿಗೆ ಕಟ್ತೀನಿ. ನಮ್ ಗೇಮ್‌ಗೂ ಇದೇ ಅಕ್ಷರ ತಗೋತೀನಿ.’

ಕ್ರಾಸ್ ಸ್ಟಿಚ್‌ನಲ್ಲಿ ಸಾಲಿನುದ್ದಕ್ಕೂ ಹೋಗುವಾಗ ಒಂದು ಓರೆ ಎಳೆ, ವಾಪಸ್ ಬರುವಾಗ ಅದರ ಮೇಲೆ ಇನ್ನೊಂದು. ಆಗಲೇ ಹೊಲಿಗೆ ಪೂರ್ತಿ. ಆಂಟಿ ಗಾಜಿನ ಮೇಲೂ ಹಾಗೇ ಹೋದರು, ಹಾಗೇ ಬಂದರು. ನನ್ನ ಆ್ಯಪ್‌ನಲ್ಲಿ ಒಮ್ಮೆ ಮುಟ್ಟಿದರೆ ಮನೆ ತುಂಬುತ್ತಿತ್ತು, ಮತ್ತೆ ಮುಟ್ಟಿದರೆ ಅಳಿಸಿಹೋಗುತ್ತಿತ್ತು. ಸಾಲಿಗೆ ಸಾಲೇ ಮಾಯ!

‘ಯಾ ಅಲ್ಲಾ, ಯಾರ್ ಬಿಚ್ಚಿದ್ದು ಬೇಟಾ ಇದು?’

ಕಾಯಿಲೆ ಬಿದ್ದ ಮೇಲೆ ಅವರು ನಕ್ಕಿದ್ದು ಅದೇ ಮೊದಲು. ಅವರ ಅಭ್ಯಾಸ ತಿದ್ದಲು ನನಗೆ ಮನಸ್ಸಾಗಲಿಲ್ಲ; ಆ್ಯಪನ್ನೇ ತಿದ್ದಿದೆ. ಮೊದಲು ಮುಟ್ಟಿದರೆ ಮಸುಕು ಬಣ್ಣ, ಎರಡನೆಯ ಸಲಕ್ಕೆ ಪೂರ್ತಿ. ಆಮೇಲೆ ಅವರನ್ನು ಹಿಡಿಯುವವರೇ ಇಲ್ಲ. ‘ಸು’ ಆಯಿತು. ‘ಸ್ವಾ’ದ ಒತ್ತು ಎಲ್ಲಿ ಕೂರಬೇಕೆಂದು ಇಬ್ಬರೂ ಜಗಳಾಡಿದೆವು... ‘ಗ’ ಮುಗಿದ ದಿನ ಸೊಸೆಯ ಕೈಲಿ ಖೀರು ಮಾಡಿಸಿ, ‘ಇನ್ನೊಂದೇ ಅಕ್ಷರ, ಬಾಗ್ಲು ತೊಳೆಸಿ ಇಡ್ತೀನಿ’ ಅಂದರು.

‘ತ’ದ ಕೆಳಸಾಲಿನ ತುದಿಯವರೆಗೆ ಹೋಗಿ ನಿಂತರು. ‘ಸುಸ್ತಾಯ್ತು ಬೇಟಾ. ವಾಪಸ್ ನಾಳೆ ಬರ್ತೀನಿ’ ಎಂದು ಟ್ಯಾಬ್ ನನ್ನ ಕೈಗೆ ಕೊಟ್ಟರು.

ಬೆಳಿಗ್ಗೆ ಅವರ ಗೇಟಿನ ಮುಂದೆ ಚಪ್ಪಲಿಗಳ ರಾಶಿ...

ಗೇಮ್‌ಗೆ ಬೇರೆ ಅಕ್ಷರ ಮಾಡಿಕೊಟ್ಟೆ. ಎದುರು ಮನೆ ಬಾಗಿಲು ಇಂದಿಗೂ ಬೋಳು. ನಮ್ಮ ಕಿಟಕಿಯಿಂದ ಕಾಣುತ್ತದೆ. ನಿನ್ನೆ ಆ ಸಾಲನ್ನು ನಾನೇ ಮುಗಿಸೋಣವೆಂದು ಬೆರಳು ಚಾಚಿದೆ. ಕೆಲವೇ ಮನೆಗಳು, ಇನ್ನೊಂದೊಂದು ಸಲ ಮುಟ್ಟಿದರಾಯಿತು. ಆಗಲಿಲ್ಲ. ಅವರು ಬರುವುದಿಲ್ಲವೆಂದು ನನಗೆ ಗೊತ್ತು. ಆದರೂ ಬರ್ತೀನಿ ಅಂದಿದ್ದರಲ್ಲ...

ಚಾರ್ಜ್ ತುಂಬಿದ ಮೇಲೂ ವೈರ್ ಕೀಳಲಿಲ್ಲ.